ಹಿತ್ತಿಲ ಬಾಗಿಲಿಗೆ ಗೇಟ್‌ವೇ ಬೇಡ

ಟಿವಿ ಪಕ್ಕದಲ್ಲಿಡಲು ಇಂಟೆಲ್ ಎನ್100 ಪ್ರೊಸೆಸರಿನ ಪುಟ್ಟ ಕಂಪ್ಯೂಟರ್ ಕೊಂಡವರು ಅದರ ಬೆನ್ನಲ್ಲಿ ಎರಡು ಲ್ಯಾನ್ ಪೋರ್ಟ್ ಕಂಡೊಡನೆ ಎರಡಕ್ಕೂ ಕೇಬಲ್ ಸಿಕ್ಕಿಸಿ ಒಂದೇ ರೂಟರಿಗೆ ಚುಚ್ಚುವುದುಂಟು. ವೇಗ ದುಪ್ಪಟ್ಟಾದೀತೆಂಬ ಆಸೆ. ಆಗುವುದಿಲ್ಲ. ಬಾಂಡಿಂಗ್ ಮಾಡಿ ಎರಡನ್ನೂ ಒಟ್ಟಿಗೆ ಕಟ್ಟಿದರೂ ಒಂದು ಫೈಲಿನ ಹರಿವು ಸಾಮಾನ್ಯವಾಗಿ ಒಂದೇ ತಂತಿಯ ಪಾಲಿಗೆ ಬೀಳುತ್ತದೆ. ಎರಡನೇ ಪೋರ್ಟಿನ ಉಪಯೋಗವೇ ಬೇರೆ. ಇಂಟರ್‌ನೆಟ್ಟಿಗೆ ಮುಂಬಾಗಿಲು, ಸಿನಿಮಾಗಳನ್ನು ತುಂಬಿಟ್ಟ ನ್ಯಾಸ್ ಪೆಟ್ಟಿಗೆಗೆ, ಅಂದರೆ ಜಾಲದ ಮೂಲಕ ಫೈಲ್ ಕೊಡುವ ಡಿಸ್ಕಿನ ಪೆಟ್ಟಿಗೆಗೆ, ರೂಟರನ್ನು ಬಿಟ್ಟು ನೇರ ಕೇಬಲ್ಲಿನ ಹಿತ್ತಿಲ ಬಾಗಿಲು.

ಹಿತ್ತಿಲ ಬಾಗಿಲು ಬೇಕೇ ಎಂಬುದನ್ನು ಲೆಕ್ಕವೇ ಹೇಳುತ್ತದೆ. 4ಕೆ ಬ್ಲೂ-ರೇ ಡಿಸ್ಕಿನ ದತ್ತಾಂಶ ಸೆಕೆಂಡಿಗೆ ಗರಿಷ್ಠ 128 ಮೆಗಾಬಿಟ್‌ವರೆಗೂ ಹೋಗಬಹುದು. ಅಗ್ಗದ ರೂಟರುಗಳ ಲ್ಯಾನ್ ಪೋರ್ಟ್ ಎಷ್ಟೋ ಸಲ 100 ಮೆಗಾಬಿಟ್‌ನದು. ಹೊಡೆದಾಟದ ದೃಶ್ಯ ಬಂದಾಗಲೇ ಚಿತ್ರ ತಡವರಿಸುವುದು ಇದಕ್ಕೇ. 60 ಗಿಗಾಬೈಟ್‌ನ ಫೈಲೊಂದನ್ನು ನಕಲಿಸಲು ಇಂಥ ಪೋರ್ಟಿಗೆ ಒಂದೂವರೆ ಗಂಟೆ ಹಿಡಿದರೆ, ಗಿಗಾಬಿಟ್ ಕೇಬಲ್ಲಿಗೆ ಒಂಬತ್ತು-ಹತ್ತು ನಿಮಿಷ ಸಾಕು, ನ್ಯಾಸ್‌ನೊಳಗಿನ ಡಿಸ್ಕ್ ಅಷ್ಟು ವೇಗಕ್ಕೆ ಒಗ್ಗಿದರೆ. ರೂಟರಿನ ಪೋರ್ಟುಗಳೂ ಗಿಗಾಬಿಟ್ ಆಗಿದ್ದರೆ ಈ ತಾಪತ್ರಯವೇ ಬೇಡ, ಒಂದು ಕೇಬಲ್ಲಿನಲ್ಲೇ ಸಂಸಾರ ಸಾಗುತ್ತದೆ.

ಕಂಪ್ಯೂಟರಿನಲ್ಲಿ ಒಂದೇ ಪೋರ್ಟ್ ಇದ್ದರೆ ಯುಎಸ್‌ಬಿ 3.0ರ ಗಿಗಾಬಿಟ್ ಅಡಾಪ್ಟರ್ ಹಾಕಿಕೊಳ್ಳಬಹುದು. ಅದನ್ನು ಹಳೆಯ 2.0 ಸಾಕೆಟ್ಟಿಗೆ ಚುಚ್ಚಿದರೆ 480 ಮೆಗಾಬಿಟ್ ಎಂಬುದು ಕಾಗದದ ಮೇಲಿನ ಮಿತಿ, ಕೈಗೆ ಸಿಗುವುದು ಸುಮಾರು 300. ಇನ್ನೊಂದು ಕಿರಿಕಿರಿಯಿದೆ. ಯುಎಸ್‌ಬಿ 3.0 ಸಾಧನ ಮತ್ತು ಅದರ ತಂತಿಗಳು 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ರೇಡಿಯೋ ಗದ್ದಲ ಎಬ್ಬಿಸುತ್ತವೆ. ಇಂಟರ್‌ನೆಟ್ಟಿಗೆ ವೈ-ಫೈ ಬಳಸುವವರು ಅದನ್ನು 5 ಗಿಗಾಹರ್ಟ್ಸ್‌ಗೆ ಬದಲಾಯಿಸಿಕೊಳ್ಳುವುದು ಒಳಿತು.

ಕ್ಯಾಟ್ 5ಇ ಕೇಬಲ್ ಧಾರಾಳವಾಗಿ ಸಾಕು. ಗಿಗಾಬಿಟ್ ವೇಗವನ್ನು ಅದು 100 ಮೀಟರ್‌ವರೆಗೂ ಒಯ್ಯುತ್ತದೆ. ಕಂಪ್ಯೂಟರನ್ನೂ ನ್ಯಾಸನ್ನೂ ನೇರವಾಗಿ ಜೋಡಿಸಲು ಹಿಂದಿನಂತೆ ಕ್ರಾಸ್‌ಓವರ್ ಕೇಬಲ್ ಹುಡುಕಬೇಕಿಲ್ಲ, ಗಿಗಾಬಿಟ್ ಪೋರ್ಟುಗಳು ತಂತಿಯ ಕ್ರಮವನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಜೋಡಿಸಿದ ಮೇಲೆ ಲಿಂಕ್ ವೇಗ 1000 ಬದಲು 100 ಎಂದು ತೋರಿದರೆ ಮೊದಲ ಗುಮಾನಿ ಕೇಬಲ್ ಮೇಲೆ. 100 ಮೆಗಾಬಿಟ್‌ಗೆ ಎರಡು ಜೊತೆ ತಂತಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೊತೆ ಬೇಕು. ಉಳಿದೆರಡು ಜೊತೆಗಳಲ್ಲಿ ಒಂದು ಎಳೆ ತುಂಡಾಗಿದ್ದರೂ ಎಲ್ಲ ನಡೆಯುತ್ತಿರುವಂತೆಯೇ ಕಾಣುತ್ತದೆ, ನಿಧಾನವಾಗಿ ಅಷ್ಟೇ.

ಇನ್ನು ವಿಳಾಸ. ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. ರೂಟರ್ ತನ್ನ ಕಡೆಯ ಪೋರ್ಟಿಗೆ 192.168.1.35 ಎಂಬಂಥ ವಿಳಾಸವನ್ನು ತಾನಾಗಿ ಕೊಡುತ್ತದೆ, ಅದನ್ನು ಮುಟ್ಟಬೇಡಿ. ನ್ಯಾಸ್ ಕಡೆಯ ತಂತಿಯಲ್ಲಿ ವಿಳಾಸ ಹಂಚುವವರು ಯಾರೂ ಇಲ್ಲ, ನಾವೇ ಬರೆಯಬೇಕು. ಕಂಪ್ಯೂಟರಿಗೆ 10.10.10.1, ನ್ಯಾಸ್‌ಗೆ 10.10.10.2, ಎರಡಕ್ಕೂ ಮಾಸ್ಕ್ 255.255.255.0, ಅಂದರೆ ಮೊದಲ ಮೂರು ಅಂಕಿ ಒಂದೇ ಆದವೆಲ್ಲ ಒಂದೇ ಜಾಲ. ಗೇಟ್‌ವೇ ಮತ್ತು ಡಿಎನ್ಎಸ್ (ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಜಾಗಗಳನ್ನು ಖಾಲಿ ಬಿಡಿ. ತುಂಬಿಸಲು ಕೈ ತುರಿಸುತ್ತದೆ, ತಡೆದುಕೊಳ್ಳಿ.

ಕಾರಣ ಇಷ್ಟೇ. ಹೊರಡುವ ಪ್ರತಿ ಪ್ಯಾಕೆಟ್ಟಿಗೂ, ಅಂದರೆ ದತ್ತಾಂಶದ ತುಣುಕಿಗೂ, ಕಂಪ್ಯೂಟರ್ ತನ್ನ ದಾರಿಪಟ್ಟಿ ನೋಡುತ್ತದೆ. 10.10.10ರಿಂದ ಶುರುವಾಗುವ ವಿಳಾಸವಾದರೆ ಹಿತ್ತಿಲ ಬಾಗಿಲು. ಪಟ್ಟಿಯಲ್ಲಿ ಹೆಸರೇ ಇಲ್ಲದ ಊರುಗಳಿಗೆಲ್ಲ ಒಂದೇ ದಾರಿ, ಅದೇ ಡೀಫಾಲ್ಟ್ ಗೇಟ್‌ವೇ. ಎರಡು ಗೇಟ್‌ವೇ ಬರೆದರೆ ಯಾವುದರ ಮೆಟ್ರಿಕ್ ಅಂಕಿ ಕಡಿಮೆಯೋ ಅದು ಗೆಲ್ಲುತ್ತದೆ. ಲಿನಕ್ಸಿನ ನೆಟ್‌ವರ್ಕ್‌ಮ್ಯಾನೇಜರ್ ತಂತಿಗೆ 100, ವೈ-ಫೈಗೆ 600 ಎಂದು ಅಂಕಿ ಕೊಡುತ್ತದೆ. ಹಾಗಾಗಿ ವೈ-ಫೈಯಲ್ಲಿ ಇಂಟರ್‌ನೆಟ್ ಚೆನ್ನಾಗಿ ಬರುತ್ತಿದ್ದರೂ, ನ್ಯಾಸ್ ತಂತಿಗೆ ಗೇಟ್‌ವೇ ಬರೆದ ಕ್ಷಣ ಎಲ್ಲ ಕೋರಿಕೆಗಳೂ ಇಂಟರ್‌ನೆಟ್ಟೇ ಇಲ್ಲದ ಪೆಟ್ಟಿಗೆಯ ಬಾಗಿಲು ಬಡಿಯುತ್ತವೆ. ನ್ಯಾಸ್ ತಂತಿಯ ಅದೇ ಸೆಟ್ಟಿಂಗಿನಲ್ಲಿ, ಈ ಸಂಪರ್ಕವನ್ನು ಅದರದೇ ಜಾಲಕ್ಕೆ ಮಾತ್ರ ಬಳಸು ಎಂಬ ಅರ್ಥದ ಚೌಕವೊಂದಿದೆ, ಅದಕ್ಕೆ ಟಿಕ್ ಹಾಕಿಬಿಡಿ. ವಿಂಡೋಸ್‌ನಲ್ಲಿ ಗೇಟ್‌ವೇ ಇಲ್ಲದ ಜಾಲವನ್ನು ಗುರುತಿಲ್ಲದ್ದೆಂದು ಬಗೆದು ಪಬ್ಲಿಕ್ ಗುಂಪಿಗೆ ತಳ್ಳಲಾಗುತ್ತದೆ. ಈ ಕಂಪ್ಯೂಟರಿನ ಫೋಲ್ಡರ್ ಆ ಕಡೆಗೆ ಕಾಣಿಸದಿದ್ದರೆ ಫೈರ್‌ವಾಲ್ ನೋಡಿ.

ಎರಡೂ ಕಡೆ 192.168.1 ಇಟ್ಟರೆ? ಒಂದೇ ಬೀದಿಗೆ ಎರಡು ಬಾಗಿಲು ಇಟ್ಟಂತೆ. ನ್ಯಾಸ್‌ಗೆ ಹೋಗಬೇಕಾದ್ದು ರೂಟರಿನತ್ತ ಹೊರಟು ಅಲ್ಲೇ ಕಳೆದುಹೋಗುತ್ತದೆ. ಇವತ್ತು ನಡೆದು, ರೀಬೂಟ್ ಆದ ಮೇಲೆ ನಡೆಯದ ವಿಚಿತ್ರಗಳ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ನ್ಯಾಸ್‌ಗೂ ಎರಡು ಪೋರ್ಟ್ ಇದ್ದರೆ ಅದರ ಇನ್ನೊಂದನ್ನು ರೂಟರಿಗೆ ಜೋಡಿಸಿ, ಅಪ್‌ಡೇಟ್ ಮತ್ತು ಗಡಿಯಾರದ ಹೊಂದಾಣಿಕೆಗೆ ಬೇಕಾಗುತ್ತದೆ. ಆದರೆ ಸಿನಿಮಾ ನೋಡುವ ತಂತ್ರಾಂಶವಾದ ಕೋಡಿಯಲ್ಲಿ ಸಿನಿಮಾ ಫೋಲ್ಡರ್ ಸೇರಿಸುವಾಗ ನ್ಯಾಸ್‌ನ ಹೆಸರು ಬರೆಯಬೇಡಿ, 10.10.10.2 ಎಂದೇ ಬರೆಯಿರಿ. ಹೆಸರು ರೂಟರ್ ಕಡೆಯ ವಿಳಾಸಕ್ಕೆ ತಿರುಗಿತೋ, ಹಿತ್ತಿಲ ಬಾಗಿಲು ಇದ್ದೂ ಇಲ್ಲದಂತೆ. ಕೋಡಿ ಪ್ರತಿ ಫೈಲಿನ ಪೂರ್ತಿ ದಾರಿಯನ್ನು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಆರು ತಿಂಗಳ ಮೇಲೆ ವಿಳಾಸ ಬದಲಿಸಿದರೆ ಯಾವುದನ್ನು ನೋಡಿದ್ದೀರಿ, ಎಲ್ಲಿಗೆ ನಿಲ್ಲಿಸಿದ್ದೀರಿ ಎಂಬ ಗುರುತೆಲ್ಲ ಹಳೆಯ ವಿಳಾಸದ ಜೊತೆಗೇ ಉಳಿಯುತ್ತದೆ. ವಿಳಾಸವನ್ನು ಮೊದಲ ದಿನವೇ ನಿರ್ಧರಿಸಿ.

ನ್ಯಾಸ್‌ಗೆ ಒಂದೇ ಪೋರ್ಟ್ ಇದ್ದರೆ ಮನೆಯ ಫೋನು, ಇನ್ನೊಂದು ಕೋಣೆಯ ಟಿವಿಗಳಿಗೆ ಅದು ಕಾಣುವುದಿಲ್ಲ. ಆಗ ಕಂಪ್ಯೂಟರಿನಲ್ಲೇ ಜೆಲ್ಲಿಫಿನ್ ಎಂಬ ಸಿನಿಮಾ ಹಂಚುವ ಸರ್ವರ್ ತಂತ್ರಾಂಶವನ್ನು ಓಡಿಸಿ. ಅದು ಹಿತ್ತಿಲಿನಿಂದ ಫೈಲ್ ತಂದು ಮುಂಬಾಗಿಲಿನ 8096ನೇ ಪೋರ್ಟಿನಲ್ಲಿ (ಇದು ಕೇಬಲ್ ಚುಚ್ಚುವ ಪೋರ್ಟಲ್ಲ, ಸೇವೆಯ ಸಂಖ್ಯೆ) ಬಡಿಸುತ್ತದೆ. ಇದರ ಬದಲು ಕಂಪ್ಯೂಟರಿನ ಎರಡು ಪೋರ್ಟುಗಳನ್ನು ಬ್ರಿಡ್ಜ್ ಮಾಡುವವರೂ, ಅಂದರೆ ಬೆಸೆದು ಒಂದೇ ಜಾಲವಾಗಿಸುವವರೂ ಇದ್ದಾರೆ. ಮಾಡಬಹುದು, ಆದರೆ ಆಮೇಲೆ ಯಾರಾದರೂ ಎರಡೂ ಕೇಬಲ್ಲುಗಳನ್ನು ಅರಿಯದೆ ಒಂದೇ ರೂಟರಿಗೆ ಚುಚ್ಚಿದರೆ ಪ್ಯಾಕೆಟ್ಟುಗಳು ಗಾಣದೆತ್ತಿನಂತೆ ಸುತ್ತತೊಡಗಿ ಇಡೀ ಮನೆಯ ಜಾಲ ನಿಂತುಹೋಗುತ್ತದೆ.

ನ್ಯಾಸ್ ಮಲಗಿಸಿ, ಬೇಕಾದಾಗ ವೇಕ್-ಆನ್-ಲ್ಯಾನ್‌ನಿಂದ ಎಬ್ಬಿಸುವವರಿಗೆ ಕೊನೆಯದೊಂದು ತೊಡಕಿದೆ. ಎಬ್ಬಿಸುವ ಸಂದೇಶ 102 ಬೈಟ್‌ನದು. 255 ಎಂಬ ಬೆಲೆಯ ಆರು ಬೈಟ್, ಹಿಂದೆಯೇ ನ್ಯಾಸ್‌ನ ಮ್ಯಾಕ್ ವಿಳಾಸ (ಜಾಲದ ಪೋರ್ಟಿಗೆ ಕಾರ್ಖಾನೆಯಲ್ಲೇ ಕೊಟ್ಟ ಗುರುತು) ಹದಿನಾರು ಸಲ. ಅದನ್ನು ಎಲ್ಲರಿಗೂ ಕೂಗಿ ಹೇಳುವ 255.255.255.255 ವಿಳಾಸಕ್ಕೆ ಕಳಿಸಿದರೆ ಸಾಮಾನ್ಯವಾಗಿ ಮುಂಬಾಗಿಲಿನಿಂದಲೇ ಹೊರಡುತ್ತದೆ. ರೂಟರ್ ಕೇಳಿಸಿಕೊಳ್ಳುತ್ತದೆ, ನ್ಯಾಸ್ ನಿದ್ದೆಯಲ್ಲೇ ಇರುತ್ತದೆ. ಹಿತ್ತಿಲ ಜಾಲದಲ್ಲಷ್ಟೇ ಎಲ್ಲರಿಗೂ ಕೂಗುವ ವಿಳಾಸವಾದ 10.10.10.255ಕ್ಕೆ ಕಳಿಸಿ.