ಡಿಐಎಲ್‌ಆರ್: ಯಾವ ಸೆಟ್ ಬಿಡಬೇಕು?

ದಾವಣಗೆರೆಯ ವಿದ್ಯಾನಗರದಲ್ಲಿ ನಾನು ಐಐಎಂನಂಥ ಕಡೆ ಎಂಬಿಎ ಸೇರಲು ಬರೆಯುವ ಕ್ಯಾಟ್ ಪರೀಕ್ಷೆಗೆ ಪಾಠ ಹೇಳುತ್ತೇನೆ. ಬರುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಲೆಕ್ಕದಲ್ಲಿ ಗಟ್ಟಿಗರು. ಆದರೂ ಮೊದಲ ಮಾಕ್, ಅಂದರೆ ಅಭ್ಯಾಸದ ಅಣಕು ಪರೀಕ್ಷೆ, ಬರೆದು ಹೊರಬಂದಾಗ ಮುಖ ಸಪ್ಪಗಿರುತ್ತದೆ. 'ಸರ್, ಡಿಐಎಲ್‌ಆರ್ ಏನೂ ಹತ್ತಲೇ ಇಲ್ಲ' ಎನ್ನುತ್ತಾರೆ. ಅದು ಅಂಕಿ-ಅಂಶ ಮತ್ತು ತರ್ಕದ ವಿಭಾಗ. ಅಲ್ಲಿ ಪ್ರಶ್ನೆಗಳು ಸೆಟ್‌ಗಳಾಗಿ ಬರುತ್ತವೆ, ಅಂದರೆ ಒಂದೇ ಮಾಹಿತಿ ಕೊಟ್ಟು ಅದರ ಮೇಲೆ ನಾಲ್ಕೈದು ಪ್ರಶ್ನೆ.

ಜಗಳೂರಿನಿಂದ ಬಸ್ಸಿಗೆ ಬರುವ ಹುಡುಗನೊಬ್ಬ ಹೋದ ತಿಂಗಳು ಹೀಗೇ ಅಂದ. ಎಲ್ಲೆಲ್ಲಿ ಎಷ್ಟು ಹೊತ್ತು ಕಳೆದಿದ್ದಾನೆ ಎಂದು ತೆಗೆದು ನೋಡಿದೆ. ಮೊದಲನೆಯ ಸೆಟ್ಟಿನ ಮೇಲೆಯೇ 23 ನಿಮಿಷ. ಬರೆದ ಉತ್ತರ ಎರಡು, ಅದರಲ್ಲಿ ಒಂದು ತಪ್ಪು. ನಾಲ್ಕನೆಯ ಸೆಟ್ಟನ್ನು ಅವನು ತೆರೆದೇ ಇರಲಿಲ್ಲ. ಮನೆಗೆ ಹೊರಡುವ ಮುಂಚೆ ಅದನ್ನು ಕೊಟ್ಟು ಕೂರಿಸಿದೆ. ಒಂಬತ್ತು ನಿಮಿಷದಲ್ಲಿ ನಾಲ್ಕೂ ಸರಿ.

ಇದಕ್ಕೆ ಅವನನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಸಿಇಟಿಯಲ್ಲಿ ಒಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ, ತಪ್ಪಿಗೆ ಅಂಕ ಕಡಿತವಿಲ್ಲ. 'ಒಂದನ್ನೂ ಬಿಡಬೇಡ' ಎಂದು ಹೇಳಿ ಕಳಿಸುವವರು ನಾವೇ ಮೇಷ್ಟ್ರುಗಳು. ಅಲ್ಲಿ ಅದು ಸರಿ. ಕ್ಯಾಟ್‌ನಲ್ಲಿ ಅದೇ ಅಭ್ಯಾಸ ಕಾಲಿಗೆ ತೊಡರುತ್ತದೆ.

ಕ್ಯಾಟ್ ಎರಡು ಗಂಟೆಯ ಪರೀಕ್ಷೆ. ಇಂಗ್ಲಿಷ್, ಡಿಐಎಲ್‌ಆರ್, ಗಣಿತ ಇದೇ ಕ್ರಮದಲ್ಲಿ ತಲಾ 40 ನಿಮಿಷ. ಆ ಹೊತ್ತು ಮುಗಿಯುವ ತನಕ ಮುಂದಿನ ವಿಭಾಗ ತೆರೆಯುವುದಿಲ್ಲ, ತೆರೆದ ಮೇಲೆ ಹಿಂದಿನದಕ್ಕೆ ಮರಳುವಂತಿಲ್ಲ. 2024ರಲ್ಲಿ ಒಟ್ಟು 68 ಪ್ರಶ್ನೆಗಳಿದ್ದವು, ಡಿಐಎಲ್‌ಆರ್‌ಗೆ 22. ಆ 22 ಬಂದದ್ದು ಐದು ಸೆಟ್‌ಗಳಲ್ಲಿ. ಐದನ್ನೂ ಮಾಡಿ ಮುಗಿಸುವವರು ತೀರಾ ಅಪರೂಪ. ಎರಡನ್ನು ಪೂರ್ತಿ, ಮೂರನೆಯದರಲ್ಲಿ ಒಂದೆರಡು ಪ್ರಶ್ನೆ ತಪ್ಪಿಲ್ಲದೆ ಮಾಡಿದವರು ಬಹಳ ಮುಂದಿರುತ್ತಾರೆ. ಯಾಕೆಂದರೆ ಕೊನೆಗೆ ಲೆಕ್ಕಕ್ಕೆ ಬರುವುದು ಪರ್ಸೆಂಟೈಲ್, ಅಂದರೆ ನಿಮಗಿಂತ ಹಿಂದೆ ನೂರಕ್ಕೆ ಎಷ್ಟು ಮಂದಿ ಇದ್ದಾರೆ ಎಂಬುದು. ಪೇಪರ್ ಕಠಿಣವಾದರೆ ಎಲ್ಲರಿಗೂ ಕಠಿಣ. ಬೆಳಿಗ್ಗೆಯ ಪಾಳಿ ಸುಲಭವಿತ್ತಂತೆ, ನಮ್ಮದು ಕಷ್ಟವಿತ್ತು ಎಂದು ಕೊರಗುವ ಮಕ್ಕಳಿದ್ದಾರೆ. ಮೂರು ಪಾಳಿಗಳ ವ್ಯತ್ಯಾಸ ಸರಿದೂಗಿಸಿಯೇ ಅಂಕ ಪ್ರಕಟಿಸುತ್ತಾರೆ, ಆ ಚಿಂತೆ ಬಿಡಿ.

ಹಾಗಾದರೆ ಎರಡು ಸೆಟ್ ಆರಿಸುವುದು ಹೇಗೆ? ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳ ಕೊಳ್ಳುವವರನ್ನು ನೋಡಿ. ಮೊದಲು ಎಲ್ಲ ರಾಶಿಯಿಂದಲೂ ಒಂದು ಹಿಡಿ ತೆಗೆದು ನೋಡಿ ಬರುತ್ತಾರೆ, ಧಾರಣೆಯ ಮಾತು ಆಮೇಲೆ. ಮೊದಲ ಐದು ನಿಮಿಷ ಪೆನ್ನು ಮುಟ್ಟದೆ ಐದೂ ಸೆಟ್ ಓದಿ. ಕೊಟ್ಟ ಷರತ್ತುಗಳಲ್ಲಿ ಖಚಿತವಾದ ಮಾತು ಎಷ್ಟಿದೆ? 'ರವಿ ಮೂರನೆಯವನು' ಎಂಬಂಥದ್ದು ಎರಡಾದರೂ ಇದ್ದರೆ ಕೋಷ್ಟಕ ಬೇಗ ತುಂಬುತ್ತದೆ. ಪ್ರತಿ ಪ್ರಶ್ನೆಯೂ 'ಒಂದು ವೇಳೆ ಹೀಗಾದರೆ' ಎಂದು ಶುರುವಾದರೆ ಪ್ರತಿಸಲ ಹೊಸದಾಗಿ ಲೆಕ್ಕ ಹಾಕಬೇಕು, ಅದನ್ನು ಕೊನೆಗೆ ಇಡಿ. ಪುಟ್ಟದಾಗಿ ಕಾಣುವ ಸೆಟ್ ಸುಲಭವೆಂದು ನಂಬಬೇಡಿ. ನಾಲ್ಕೇ ಸಾಲಿನ ಒಗಟು ಇಡೀ ಅರ್ಧ ಗಂಟೆ ನುಂಗಿದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಕೈಹಾಕಿದ ಮೇಲೆ ಹನ್ನೆರಡು ನಿಮಿಷವಾದರೂ ಕೋಷ್ಟಕದ ಅರ್ಧ ತುಂಬದಿದ್ದರೆ ಎದ್ದುಬಿಡಿ. ಇಷ್ಟು ಹೊತ್ತು ಹಾಕಿದ್ದೇನಲ್ಲ ಎಂಬ ಸಂಕಟ ಆಗಲೇ ಶುರುವಾಗುವುದು. ಅದನ್ನು ತಡೆದುಕೊಳ್ಳುವ ಅಭ್ಯಾಸ ಮಾಕ್‌ನಲ್ಲಿಯೇ ಆಗಬೇಕು.

ಊಹೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಸರಿ ಉತ್ತರಕ್ಕೆ 3 ಅಂಕ, ತಪ್ಪಿಗೆ 1 ಕಡಿತ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಒತ್ತುತ್ತಾ ಹೋದರೆ ನಾಲ್ಕರಲ್ಲಿ ಒಂದು ಸರಿಹೋಗಿ 3 ಬರುತ್ತದೆ, ಉಳಿದ ಮೂರು ತಪ್ಪಾಗಿ 3 ಹೋಗುತ್ತದೆ, ಸರಾಸರಿ ಸೊನ್ನೆ. ಒಂದು ಆಯ್ಕೆ ಖಂಡಿತ ಅಲ್ಲವೆಂದು ತಿಳಿದಿದ್ದರೆ ಲೆಕ್ಕ ನಿಮ್ಮ ಕಡೆ ವಾಲುತ್ತದೆ. ಆಯ್ಕೆಗಳಿಲ್ಲದೆ ಉತ್ತರ ಟೈಪ್ ಮಾಡುವ ಟೀಟಾ ಪ್ರಶ್ನೆಗೆ ಕಡಿತವಿಲ್ಲ, ಹೊತ್ತಿದ್ದರೆ ಖಾಲಿ ಬಿಡಬೇಡಿ.

ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ವಿಭಾಗ ಎಂದರೆ ಎದೆ ಢವಢವ. ಕಠಿಣ ಪದಗಳ ಪಟ್ಟಿ ಬಾಯಿಪಾಠ ಮಾಡುತ್ತಾ ಕೂರುತ್ತಾರೆ. ಅದರಿಂದ ಸಿಗುವುದು ಕಡಿಮೆ, ಏಕೆಂದರೆ ಆ ವಿಭಾಗದ 24 ಪ್ರಶ್ನೆಗಳಲ್ಲಿ 16 ಗದ್ಯಭಾಗದ ಮೇಲೆಯೇ. ನಾನು ಹೇಳಿಕೊಡುವ ದಾರಿ ಬೇರೆ. ಒಂದು ಪ್ಯಾರಾ ಓದಿ, ಲೇಖಕ ಏನು ಹೇಳುತ್ತಿದ್ದಾನೆ ಎಂದು ಒಂದೇ ವಾಕ್ಯದಲ್ಲಿ ಕನ್ನಡದಲ್ಲಿ ಹೇಳಿಕೊಳ್ಳಿ. ಹೇಳಲು ಬಂದರೆ ಅರ್ಥವಾಗಿದೆ. ಬರದಿದ್ದರೆ ಆಯ್ಕೆಗಳ ಕಡೆ ಹೋಗಬೇಡಿ, ನಾಲ್ಕೂ ಸರಿಯೆಂದೇ ಕಾಣುತ್ತವೆ.

ಜಗಳೂರಿನ ಹುಡುಗನಿಗೆ ಈಗ ಒಂದು ನೋಟ್‌ಪುಸ್ತಕ ಮಾಡಿಸಿದ್ದೇನೆ. ಪ್ರತಿ ಮಾಕ್ ಆದ ಮೇಲೆ ಬಿಟ್ಟ ಸೆಟ್‌ಗಳನ್ನು ಹೊತ್ತಿನ ಮಿತಿಯಿಲ್ಲದೆ ಬಿಡಿಸಿ, ಬಿಟ್ಟದ್ದು ಸರಿಯೋ ತಪ್ಪೋ ಎಂದು ಪಕ್ಕದಲ್ಲಿ ಬರೆಯಬೇಕು. ಕಳೆದ ಭಾನುವಾರ ಮೂರು ಸೆಟ್ ಬಿಟ್ಟಿದ್ದ. ಎರಡರ ಪಕ್ಕ 'ಸರಿ' ಎಂದು ಬರೆದು, ಮೂರನೆಯದರ ಮುಂದೆ ಪೆನ್ನು ಹಿಡಿದು ಊರಿನ ಬಸ್ಸು ತಪ್ಪುವ ತನಕ ಕೂತಿದ್ದ.