ಖಾತರಿ ಮೂಲ ಆದಾಯ: ಕೊಡುವುದೆಷ್ಟು, ಕಡಿಯುವುದೆಷ್ಟು?

ಯಾರ ಆದಾಯವೂ ಒಂದು ಮಟ್ಟಕ್ಕಿಂತ ಕೆಳಗಿಳಿಯದಂತೆ ಸರ್ಕಾರವೇ ತಿಂಗಳು ತಿಂಗಳು ನಗದು ಕೊಟ್ಟು ನೋಡಿಕೊಳ್ಳುವುದು ಖಾತರಿ ಮೂಲ ಆದಾಯ. ಬಡವ, ಬಲ್ಲಿದ ಎನ್ನದೆ ಎಲ್ಲರಿಗೂ ಒಂದೇ ಮೊತ್ತ ಕೊಟ್ಟರೆ ಅದು ಸಾರ್ವತ್ರಿಕ ಮೂಲ ಆದಾಯ. ಖಾತರಿಯಲ್ಲಿ ಹಾಗಲ್ಲ, ಸಂಪಾದನೆ ಏರಿದಂತೆ ನೆರವು ಇಳಿಯುತ್ತದೆ.

ಎಷ್ಟು ಕೊಡಬೇಕೆಂಬುದರ ಮೇಲೆಯೇ ಚರ್ಚೆಯೆಲ್ಲ ನಡೆಯುತ್ತದೆ. ನನ್ನ ಪ್ರಕಾರ ಯೋಜನೆಯ ಜೀವ ಇರುವುದು ಈ ಇಳಿಕೆಯಲ್ಲಿ. ತಿಂಗಳಿಗೆ 6,000 ರೂಪಾಯಿ ಖಾತರಿ, ದುಡಿದ ಪ್ರತಿ ರೂಪಾಯಿಗೆ 50 ಪೈಸೆ ಕಡಿತ ಎಂದಿಟ್ಟುಕೊಳ್ಳಿ. ಕೆಲಸವೇ ಸಿಗದವರಿಗೆ ಪೂರ್ತಿ 6,000. ಕೂಲಿಯಿಂದ 4,000 ಬಂದರೆ ನೆರವಿನಲ್ಲಿ 2,000 ಕಡಿತ, ಉಳಿದ 4,000 ಸೇರಿ ಕೈಗೆ 8,000. ದುಡಿಮೆ 12,000 ಮುಟ್ಟಿದಾಗ ನೆರವು ನಿಲ್ಲುತ್ತದೆ. ಹೆಚ್ಚು ದುಡಿದವರ ಕೈಯಲ್ಲಿ ಯಾವಾಗಲೂ ಹೆಚ್ಚು ಹಣವೇ ಇರುತ್ತದೆ. ರೂಪಾಯಿಗೆ ರೂಪಾಯಿ ಕಡಿದರೋ, ಮೊದಲ 6,000ದ ದುಡಿಮೆಯೆಲ್ಲ ನೀರಲ್ಲಿ ಹೋಮ ಮಾಡಿದಂತೆ.

ನಮ್ಮ ಬಿಪಿಎಲ್ ಕಾರ್ಡಿಗೆ ಇಂಥ ಇಳಿಜಾರಿಲ್ಲ. ವರ್ಷದ ಆದಾಯ 1.20 ಲಕ್ಷದ ಗೆರೆ ದಾಟಿದರೆ ಕಾರ್ಡೇ ಹೋಗುತ್ತದೆ. ಮಗಳಿಗೆ ಗಾರ್ಮೆಂಟ್ಸಿನಲ್ಲಿ ಕೆಲಸ ಸಿಕ್ಕಿತೆಂದು ಮನೆಯವರು ಅಂಜುವಂತಾಗುವುದು ಅನ್ಯಾಯ. ಗೃಹಲಕ್ಷ್ಮಿಯ 2,000 ರೂಪಾಯಿ ನೇರ ನಗದೇ ಹೌದು, ಆದರೆ ಅದು ಮನೆಯ ಯಜಮಾನಿಗೆ ಮಾತ್ರ. ಅದನ್ನು ಮೂಲ ಆದಾಯ ಎನ್ನಲಾಗದು.

ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದಲ್ಲಿ 1970ರ ದಶಕದಲ್ಲಿ ಡಾಫಿನ್ ಎಂಬ ಪಟ್ಟಣದ ಬಡ ಕುಟುಂಬಗಳಿಗೆ ಇಂಥ ಖಾತರಿ ಇತ್ತು. ಕಡಿತ ಡಾಲರಿಗೆ 50 ಸೆಂಟ್. 1979ರಲ್ಲಿ ಪ್ರಯೋಗ ನಿಂತಿತು, ದಾಖಲೆಗಳು ಪೆಟ್ಟಿಗೆ ಸೇರಿದವು. ಅರ್ಥಶಾಸ್ತ್ರಜ್ಞೆ ಎವೆಲಿನ್ ಫೋರ್ಜೆ ದಶಕಗಳ ನಂತರ ಆರೋಗ್ಯ ದಾಖಲೆಗಳನ್ನು ತಾಳೆ ಹಾಕಿದರು. ಅಂಥದೇ ಬೇರೆ ಊರುಗಳ ಜನರಿಗೆ ಹೋಲಿಸಿದರೆ ಡಾಫಿನ್‌ನಲ್ಲಿ ಆಸ್ಪತ್ರೆ ಸೇರುವವರ ಪ್ರಮಾಣ ಶೇ 8.5ರಷ್ಟು ಇಳಿದಿತ್ತು. ಅಪಘಾತ, ಗಾಯ, ಮಾನಸಿಕ ತೊಂದರೆಗಳೇ ಮುಖ್ಯವಾಗಿ ಕಡಿಮೆಯಾಗಿದ್ದವು. ಪ್ರೌಢಶಾಲೆಯ ಕೊನೆಯ ತರಗತಿವರೆಗೆ ಓದು ಮುಂದುವರಿಸಿದ ಮಕ್ಕಳೂ ಹೆಚ್ಚಿದ್ದರು.

ನಮ್ಮಲ್ಲಿ ತೊಡಕು ಬೇರೆ. ಇವತ್ತು ಗಾರೆ ಕೆಲಸ, ನಾಳೆ ಕಳೆ ಕೀಳುವ ಕೂಲಿ, ನಾಡಿದ್ದು ಕೆಲಸವೇ ಇಲ್ಲ. ಇಂಥವರ ಆದಾಯವನ್ನು ಯಾವ ಪೇ ಸ್ಲಿಪ್ ನೋಡಿ ಅಳೆಯುವುದು? ಅಳೆಯಲು ಹೊರಟರೆ ಲಂಚಕ್ಕೆ, ಶಿಫಾರಸಿಗೆ ಬಾಗಿಲು ತೆರೆದಂತಾಗುತ್ತದೆ. 2011ರಲ್ಲಿ ಮಧ್ಯಪ್ರದೇಶದ 8 ಹಳ್ಳಿಗಳಲ್ಲಿ ಸ್ವಉದ್ಯೋಗಿ ಮಹಿಳೆಯರ ಸಂಘಟನೆ ‘ಸೇವಾ’ (SEWA) ಪ್ರಯೋಗ ನಡೆಸಿದಾಗ ಅಳೆಯುವ ಗೋಜನ್ನೇ ಬಿಟ್ಟು ಊರಿನ ಎಲ್ಲರಿಗೂ ಕೊಟ್ಟಿತು. ವಯಸ್ಕರಿಗೆ ತಿಂಗಳಿಗೆ 200 ರೂಪಾಯಿ, ಮಕ್ಕಳಿಗೆ 100. ಹಣ ಮನೆಯ ಹಿರಿಯನ ಕೈಗೆ ಹೋಗದೆ ಒಬ್ಬೊಬ್ಬರಿಗೂ ಬೇರೆಯಾಗಿ ಸಂದಿತು, ಮಕ್ಕಳ ಪಾಲು ತಾಯಿಯ ಕೈಗೆ ಬಂತು.