ವಿಮರ್ಶೆಯ ಬಾಗಿಲಲ್ಲಿ ಸ್ವಾಗತ ಯಾಕೆ ನಿಂತಿದೆ?

ಅಕ್ಕನ ಮಗ ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಂದು ಲೇಖನ ಬರೆದಿದ್ದ. "ಮಾವ, ಒಮ್ಮೆ ಓದಿ ತಿದ್ದಿ ಕೊಡಿ" ಎಂದು ಮೊಬೈಲಿಗೆ ಕಳಿಸಿದ. ಸೋಫಿ ಎಂಬ ಸ್ಕಾಟ್ಲೆಂಡಿನ ಕಲಾವಿದರು 2015ರಲ್ಲಿ ಹೊರತಂದ 'ಪ್ರಾಡಕ್ಟ್' ಎಂಬ ಎಲೆಕ್ಟ್ರಾನಿಕ್ ಪಾಪ್ ಸಂಕಲನದ ಬಗ್ಗೆ ಲೇಖನ. ಹುಡುಗನಿಗೆ ಆ ಸಂಗೀತದ ಹುಚ್ಚು, ಬರೆದದ್ದೂ ಚೆನ್ನಾಗಿಯೇ ಇತ್ತು. ಮೂರನೇ ಪ್ಯಾರಾದಲ್ಲಿ ಈ ವಾಕ್ಯ ಸಿಕ್ಕಿತು: "ಈ ಆಲ್ಬಂ ಸಕಾರಾತ್ಮಕ ವಿಮರ್ಶಾತ್ಮಕ ಸ್ವಾಗತವನ್ನು ಪಡೆಯಿತು, ಆದರೆ ಕೆಲವರು ವಿಮರ್ಶೆ ಮಾಡಿದರು."

ಇನ್ನೊಮ್ಮೆ ಓದಿ. ಒಂದೇ ವಾಕ್ಯದಲ್ಲಿ ವಿಮರ್ಶೆ ಎರಡು ಸಲ ಬಂದಿದೆ, ಎರಡು ಬೇರೆ ಅರ್ಥದಲ್ಲಿ. ಮೊದಲರ್ಧದಲ್ಲಿ ಎಲ್ಲರೂ ವಿಮರ್ಶೆ ಮಾಡಿದ್ದಾರೆ, ಎರಡನೇ ಅರ್ಧದಲ್ಲಿ 'ಕೆಲವರು' ಮಾತ್ರ. ಅಂದರೆ ಅಲ್ಲಿ ಅವನ ಮನಸ್ಸಿನಲ್ಲಿದ್ದದ್ದು ಬೈದರು, ತಪ್ಪು ಹಿಡಿದರು ಎಂದು. ಸಿನಿಮಾ ಸುದ್ದಿಗಳಲ್ಲಿ ಇಂಥದ್ದನ್ನು ಎಷ್ಟೋ ಸಲ ನೋಡಿ ಸುಮ್ಮನಾಗಿದ್ದೇನೆ. ಈಗ ನಮ್ಮ ಮನೆಯೊಳಗೇ ಬಂದು ಕೂತಿತಲ್ಲ.

ಮೊದಲು ಈ 'ಸ್ವಾಗತ'ವನ್ನು ಕಳಿಸಿಕೊಡೋಣ. ಸು ಮತ್ತು ಆಗತ ಸೇರಿ ಸ್ವಾಗತ. ಬಂದದ್ದು ಒಳ್ಳೆಯದಾಯಿತು ಎಂಬ ಮಾತು ಆ ಪದದ ಹೊಟ್ಟೆಯಲ್ಲೇ ಇದೆ. ಹಾಗಿರುವಾಗ 'ನಕಾರಾತ್ಮಕ ಸ್ವಾಗತ', 'ಮಿಶ್ರ ಸ್ವಾಗತ' ಅಂದರೆ ಏನು? ಬನ್ನಿ ಬನ್ನಿ ಎಂದು ಪನ್ನೀರು ಚಿಮುಕಿಸುತ್ತಾ ಜೊತೆಗೆ ಬೈಯುವುದಾ? ಇದು ಇಂಗ್ಲಿಷಿನ 'ಕ್ರಿಟಿಕಲ್ ರಿಸೆಪ್ಷನ್' ಎಂಬುದರ ಪದಶಃ ಅನುವಾದ. ಆ ರಿಸೆಪ್ಷನ್‌ಗೆ ಒಂದು ಕೃತಿಯನ್ನು ಜನ ಹೇಗೆ ತೆಗೆದುಕೊಂಡರು ಎಂಬ ಅರ್ಥವೂ ಇದೆ. ಆದರೆ ನಮಗೆ ಮದುವೆ ಹಾಲಿನ ರಿಸೆಪ್ಷನ್ನೇ ಮೊದಲು ನೆನಪಾಗುತ್ತದೆ. ಕಾಸರಗೋಡಿನಲ್ಲಿ ಇದಕ್ಕೆ ಇನ್ನೊಂದು ಗಂಟೂ ಬಿದ್ದಿದೆ. ಮಲಯಾಳದಲ್ಲಿ ಸನ್ಮಾನದ ಸ್ವಾಗತಕ್ಕೆ 'ಸ್ವೀಕರಣಂ' ಎನ್ನುತ್ತಾರೆ, ಬಸ್ ಸ್ಟ್ಯಾಂಡಿನ ಹತ್ತಿರ ದಿನವೂ ಬ್ಯಾನರ್ ನೋಡುತ್ತೇವೆ. ಹಾಗಾಗಿ ನಮ್ಮ ಹುಡುಗರಿಗೆ ಸ್ವೀಕಾರ, ಸ್ವಾಗತ ಎರಡೂ ಒಂದೇ ಆಗಿಬಿಟ್ಟಿವೆ. ಕನ್ನಡದ ಸ್ವೀಕಾರಕ್ಕೆ ತೆಗೆದುಕೊಳ್ಳುವುದು ಎಂದಷ್ಟೇ ಅರ್ಥ. ಮಾಲೆ ಹಾಕಬೇಕೆಂದೇನೂ ಇಲ್ಲ.

ಇನ್ನು ವಿಮರ್ಶೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಅವಸರ ಇದ್ದವರು ಮುಂದೆ ಹೋಗಬಹುದು.

ಇದರ ಬೇರು ಸಂಸ್ಕೃತದ 'ಮೃಶ್'. ಮುಟ್ಟು, ಸವರು, ಕೈಯಾಡಿಸು ಎಂಬ ಅರ್ಥದ ಧಾತು. ಪರಾಮರ್ಶೆ ಕೂಡ ಇದೇ ಮನೆಯದು. ಕೈಯಿಂದ ಮುಟ್ಟಿ ನೋಡುವುದೇ ನಿಧಾನವಾಗಿ ಮನಸ್ಸಿನಿಂದ ಮುಟ್ಟಿ ನೋಡುವುದಾಯಿತು, ಅಲ್ಲಿಂದ ಆಲೋಚಿಸುವುದು, ತೂಗಿ ನೋಡುವುದು. ಸಂಸ್ಕೃತ ನಾಟಕಶಾಸ್ತ್ರದ ಐದು ಸಂಧಿಗಳಲ್ಲಿ ನಾಲ್ಕನೆಯದಕ್ಕೂ ವಿಮರ್ಶ ಎಂದೇ ಹೆಸರು. ಫಲ ಸಿಗುತ್ತದೋ ಇಲ್ಲವೋ ಎಂದು ಕಥೆ ತಡೆದು ತೂಗಾಡುವ ಜಾಗ ಅದು. ಬೈಗುಳ ಎಲ್ಲೂ ಇಲ್ಲ.

ನಮ್ಮ ಕಡೆಯ ಅಡಿಕೆ ಅಂಗಡಿಯಲ್ಲಿ ಈ ಪದ ಸರಿಯಾಗಿ ಅರ್ಥವಾಗುತ್ತದೆ. ಗೋಣಿ ಬಿಚ್ಚಿದ ಕೂಡಲೇ ವ್ಯಾಪಾರಿ ಒಂದು ಹಿಡಿ ಅಡಿಕೆ ಕೈಗೆತ್ತಿಕೊಳ್ಳುತ್ತಾನೆ, ತಿರುಗಿಸಿ ನೋಡುತ್ತಾನೆ, ಒಂದೆರಡು ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾನೆ, ಆಮೇಲೆ ಇದು ಪಠೋರ, ಇದು ಉಳ್ಳಿಗಡ್ಡೆ, ಇದು ಕರಿಗೋಟು ಎಂದು ವಿಂಗಡಿಸುತ್ತಾನೆ. ಕರಿಗೋಟು ಎಂದಾಗ ನಮಗೆ ಬೇಜಾರಾಗಬಹುದು. ಆದರೆ ಅವನು ಅಡಿಕೆಯನ್ನು ಬೈದದ್ದಲ್ಲ. ಹಾಗೆಯೇ ಒಳ್ಳೆಯ ಚಾಲಿ ಎಂದಾಗ ಹೊಗಳಿದ್ದೂ ಅಲ್ಲ. ಮುಟ್ಟಿ ನೋಡಿ ಏನಿದೆಯೋ ಅದನ್ನು ಹೇಳಿದ. ವಿಮರ್ಶೆ ಅಂದರೆ ಇಷ್ಟೇ. ಹಾಗಾಗಿ ಅದರ ಹಿಂದೆ 'ಸಕಾರಾತ್ಮಕ' ಎಂದು ಅಂಟಿಸುವಾಗ ನನಗೆ ಸ್ವಲ್ಪ ಕಸಿವಿಸಿ.

ಸಿಟ್ಟು ಬೇಕಿದ್ದವರಿಗೆ ಬೇರೆ ಧಾತು ಇದೆ, 'ಮೃಷ್', ಷ ಅಕ್ಷರದ್ದು. ಅದರ ಅರ್ಥ ತಾಳಿಕೊಳ್ಳು, ಸಹಿಸು. ಸಹಿಸಲಾರದೆ ಬರುವ ಕೋಪ ಅಮರ್ಷ. ತಾಳಮದ್ದಳೆ ಕೇಳಿದವರಿಗೆ ಈ ಪದ ಹೊಸತಲ್ಲ. ಈಗ ಎಷ್ಟೋ ಜನ 'ವಿಮರ್ಷೆ' ಎಂದು ಷ ಹಾಕಿ ಬರೆಯುತ್ತಾರೆ, ನಾನು ಶಾಲೆ ಗೋಡೆಯ ಮೇಲೂ ನೋಡಿದ್ದೇನೆ. ಗೊತ್ತಿಲ್ಲದೆ ಅವರು ಮುಟ್ಟುವ ಧಾತು ಬಿಟ್ಟು ಸಿಟ್ಟಿನ ನೆಂಟರ ಮನೆಗೆ ಹೋಗಿರುತ್ತಾರೆ.

ಟೀಕೆಯ ಕಥೆ ಇನ್ನೂ ತಮಾಷೆ. ಈಗ ಟೀಕೆ ಅಂದರೆ ಬೈಯುವುದು. ಮೊದಲು ಟೀಕೆ ಅಂದರೆ ವಿವರಣೆ, ಕಷ್ಟದ ಗ್ರಂಥವನ್ನು ಬಿಡಿಸಿ ಹೇಳುವ ಬರಹ. ಮಧ್ವರ ಗ್ರಂಥಗಳಿಗೆ ಟೀಕೆ ಬರೆದದ್ದಕ್ಕೇ ಜಯತೀರ್ಥರು ಟೀಕಾಚಾರ್ಯರಾದರು. ನಮ್ಮ ಕುಂಬಳೆ ಸೀಮೆಯವರೇ ಆದ ತ್ರಿವಿಕ್ರಮ ಪಂಡಿತಾಚಾರ್ಯರು ಮಧ್ವರ ಜೊತೆ ದಿನಗಟ್ಟಲೆ ವಾದ ಮಾಡಿ, ಸೋತು, ಶಿಷ್ಯರಾಗಿ, ಆಮೇಲೆ ಅವರ ಸೂತ್ರಭಾಷ್ಯಕ್ಕೆ 'ತತ್ತ್ವಪ್ರದೀಪ' ಎಂಬ ಟೀಕೆ ಬರೆದರು. ಇದನ್ನು ಇವತ್ತಿನ ಕನ್ನಡದಲ್ಲಿ "ತ್ರಿವಿಕ್ರಮರು ಗುರುಗಳನ್ನು ಟೀಕಿಸಿದರು" ಎಂದು ಬರೆದರೆ ಸೋತ ಸಿಟ್ಟು ತೀರಿಸಿಕೊಂಡ ಹಾಗೆ ಕೇಳುತ್ತದೆ. ಟೀಕೆಯನ್ನು ನಾವು ಕೆಡಿಸಿದ್ದಾಯಿತು, ಅದನ್ನು ವಾಪಸು ತರಲು ಆಗುವುದಿಲ್ಲ, ಬೈಯುವುದಕ್ಕೆ ಒಂದು ಪದ ಬೇಕಲ್ಲ, ಅದೇ ಇರಲಿ. ವಿಮರ್ಶೆಯನ್ನೂ ಯಾಕೆ ಅದೇ ಗುಂಡಿಗೆ ತಳ್ಳಬೇಕು?

ತಳ್ಳುತ್ತಿರುವವರಲ್ಲಿ ನಾವು ಗಡಿಯವರು ಮುಂದೆ ಇದ್ದೇವೆ, ಕಾರಣವೂ ಗೊತ್ತಿರುವುದೇ. ಮಲಯಾಳದ ದಿನನಿತ್ಯದ ಸುದ್ದಿಯಲ್ಲಿ 'ವಿಮರ್ಶನಂ' ಅಂದರೆ ಹೆಚ್ಚಾಗಿ ಖಂಡನೆಯೇ. ಸರಕಾರದ ಮೇಲೆ ವಿರೋಧ ಪಕ್ಷದ 'ರೂಕ್ಷ ವಿಮರ್ಶನಂ' ಎಂದು ಟಿವಿಯ ಕೆಳಗಿನ ಪಟ್ಟಿಯಲ್ಲಿ ದಿನಕ್ಕೆ ಹತ್ತು ಸಲ ಓಡುತ್ತದೆ. ಸಾಹಿತ್ಯದ ವಿಮರ್ಶೆಗೆ ಅವರಲ್ಲಿ 'ನಿರೂಪಣಂ' ಎಂಬ ಬೇರೆ ಪದವಿದೆ. ನಮ್ಮಲ್ಲಿ ನಿರೂಪಣೆ ಅಂದರೆ ಕಥೆ ಹೇಳುವುದು, ಅಥವಾ ಮೈಕ್ ಹಿಡಿದು ಕಾರ್ಯಕ್ರಮ ನಡೆಸುವುದು. ಮಲಯಾಳಿ ಗೆಳೆಯರೊಬ್ಬರು ಒಬ್ಬರನ್ನು "ಇವರು ದೊಡ್ಡ ನಿರೂಪಕರು" ಎಂದು ಪರಿಚಯಿಸಿದಾಗ ನಾನು "ಯಾವ ಚಾನೆಲ್ಲಿನಲ್ಲಿ?" ಎಂದು ಕೇಳಿ ಪೆಚ್ಚಾಗಿದ್ದೇನೆ. ಅವರ ಭಾಷೆಯಲ್ಲಿ ಅವರು ಸರಿ. ಅವರ ಅರ್ಥವನ್ನು ಎತ್ತಿ ನಮ್ಮ ಪದಕ್ಕೆ ತುಂಬುವುದು ನಮ್ಮ ಸೋಮಾರಿತನ.

ಈಗ ಹುಡುಗನ ಆಲ್ಬಂಗೆ ಬರೋಣ. 'ಪ್ರಾಡಕ್ಟ್'ನಲ್ಲಿ ಎಂಟು ಹಾಡುಗಳಿವೆ. 'ಬಿಪ್', 'ಎಲ್', 'ಲೆಮನೇಡ್', 'ಹಾರ್ಡ್' ಎಂಬ ನಾಲ್ಕು 2013 ಮತ್ತು 2014ರಲ್ಲೇ ಸಿಂಗಲ್‌ಗಳಾಗಿ, ಅಂದರೆ ಬಿಡಿ ಹಾಡುಗಳಾಗಿ, ಬಂದಿದ್ದವು. ಬೇರೆಯವರು ನುಡಿಸಿದ ಸದ್ದನ್ನು ಕತ್ತರಿಸಿ ಅಂಟಿಸುವುದು ಸೋಫಿಗೆ ಇಷ್ಟವಿರಲಿಲ್ಲ. ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯದಲ್ಲಿ ಅಲೆಗಳಿಂದಲೇ ಸದ್ದನ್ನು ಕಟ್ಟುತ್ತಿದ್ದರು. ಗುಳ್ಳೆ ಒಡೆದ ಹಾಗೆ, ರಬ್ಬರ್ ಎಳೆದು ಬಿಟ್ಟ ಹಾಗೆ, ತಗಡು ಬಗ್ಗಿಸಿದ ಹಾಗೆ. ಆಲ್ಬಂ ಜೊತೆಗೆ ಸಿಲಿಕೋನಿನ ಒಂದು ವಸ್ತುವನ್ನೂ ಮಾರಾಟಕ್ಕಿಟ್ಟಿದ್ದರು. ವಿಮರ್ಶಕರೂ ಬರೆಯುವಾಗ ರಬ್ಬರು, ಪ್ಲಾಸ್ಟಿಕ್ಕು, ಜಾರುವುದು, ಅಂಟುವುದು ಎಂದು ಮುಟ್ಟುವ ಮಾತುಗಳನ್ನೇ ಹುಡುಕಿದರು. ಕಿವಿಗೆ ಕೇಳುವುದನ್ನು ಬೆರಳಿನ ಭಾಷೆಯಲ್ಲಿ ಹೇಳಿದರು. ಮೃಶ್ ಧಾತುವಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಸಿಕ್ಕಿಲ್ಲ.

ಹೆಚ್ಚಿನವರು ಮೆಚ್ಚಿದರು. ಕೆಲವರ ತಕರಾರು ಅದು ಸಂಕಲನ ಎಂಬುದಕ್ಕೆ. ಅರ್ಧ ಹಾಡು ಮೊದಲೇ ಕೇಳಿದ್ದು, ಒಟ್ಟು ಅರ್ಧ ಗಂಟೆಯೂ ಇಲ್ಲ, ಇದನ್ನು ಆಲ್ಬಂ ಎಂದು ಹೇಗೆ ತೂಗುವುದು? ನ್ಯಾಯವಾದ ಪ್ರಶ್ನೆಯೇ. ಹಳೆ ಅಡಿಕೆ, ಹೊಸ ಅಡಿಕೆ ಒಂದೇ ಗೋಣಿಯಲ್ಲಿ ಬಂದರೆ ವ್ಯಾಪಾರಿಯೂ ಗೊಣಗುತ್ತಾನೆ, ಹಳೆಯದಕ್ಕೆ ರೇಟು ಜಾಸ್ತಿ ಅಲ್ವಾ. (ಅಂದಹಾಗೆ ಎಲ್ಲ ಆಲ್ಬಂಗೂ 'ಸಂಕಲನ' ಎನ್ನಬೇಡಿ. ಬಿಡಿಬಿಡಿಯಾಗಿ ಬಂದದ್ದನ್ನು ಕೂಡಿಸಿದರೆ ಮಾತ್ರ ಸಂಕಲನ. 'ಪ್ರಾಯೋಗಿಕ ಸಂಗೀತ'ವೂ ಬೇಡ, ಪ್ರಾಯೋಗಿಕ ಅಂದರೆ ಲ್ಯಾಬಿನ ಪರೀಕ್ಷೆ ನೆನಪಾಗುತ್ತದೆ. ಪ್ರಯೋಗಶೀಲ ಎಂದರೆ ಸಾಕು.)

'ಮಿಶ್ರ ಪ್ರತಿಕ್ರಿಯೆ' ಎಂಬ ಮಾತನ್ನೂ ಜನ ಅಡ್ಡಾದಿಡ್ಡಿ ಬಳಸುತ್ತಾರೆ. ಅದೇ 2015ರಲ್ಲಿ ಲಂಡನ್ನಿನ ಪಿಸಿ ಮ್ಯೂಸಿಕ್ ಎಂಬ ಲೇಬಲ್ (ಹಾಡು ಹೊರತರುವ ಸಂಸ್ಥೆ) ತನ್ನ ಹತ್ತು ಹಾಡುಗಳನ್ನು ಕೂಡಿಸಿ ಮೊದಲ ಸಂಕಲನ ತಂದಿತು. ಎ. ಜಿ. ಕುಕ್ 2013ರಲ್ಲಿ ಶುರು ಮಾಡಿದ ಲೇಬಲ್ ಅದು. ಪಾಪ್ ಸಂಗೀತದ ನಾಳೆ ಇದೇ ಎಂದು ಕೆಲವರು ಕುಣಿದರು, ಕೇಳುಗರನ್ನು ಗೇಲಿ ಮಾಡುತ್ತಿದ್ದಾರೆ ಎಂದು ಕೆಲವರು ಉರಿದುಬಿದ್ದರು. ಇಲ್ಲಿ ಮಿಶ್ರ ಅಂದರೆ ಜನ ಎರಡು ಪಾಲಾದರು ಎಂದು. ಎಲ್ಲರಿಗೂ 'ಪರವಾಗಿಲ್ಲ' ಅನ್ನಿಸಿತು ಎಂದಲ್ಲ. ಮೆಟಾಕ್ರಿಟಿಕ್‌ನಂಥ ಜಾಲತಾಣಗಳು ವಿಮರ್ಶಕರ ಅಂಕ ಕೂಡಿಸಿ ನೂರಕ್ಕೆ ಇಷ್ಟು ಎಂದು ಸರಾಸರಿ ತೆಗೆಯುವಾಗ ಈ ಜಗಳವೇ ಮಾಯವಾಗುತ್ತದೆ. ಅಲ್ಲಿ 61ರಿಂದ 80ರವರೆಗೆ ಬಂದ ಸಂಗೀತಕ್ಕೆ ಕೊಡುವ ಹಣೆಪಟ್ಟಿಯನ್ನು ಯಾರೋ "ಸಾಮಾನ್ಯವಾಗಿ ಅನುಕೂಲಕರ ವಿಮರ್ಶೆಗಳು" ಎಂದು ಕನ್ನಡಿಸಿದ್ದನ್ನೂ ನೋಡಿದೆ. ಯಾರಿಗೆ ಅನುಕೂಲ, ಬಸ್ ಸ್ಟ್ಯಾಂಡಿಗೆ ಹತ್ತಿರವಾ? 'ಹೆಚ್ಚಿನವರು ಮೆಚ್ಚಿದರು' ಎನ್ನಲು ಏನು ಕಷ್ಟ!

ಇನ್ನೊಂದು ಮಾತು. ವಿಮರ್ಶೆ ಬಿಡುಗಡೆಯಾದ ವಾರವೇ ಮುಗಿಯುವುದಿಲ್ಲ. ಆಗ ಸೋಫಿ ಯಾರೆಂದು ಹೊರಗೆ ಹೆಚ್ಚು ಗೊತ್ತಿರಲಿಲ್ಲ. ಗಂಡಸೊಬ್ಬ ಹೆಣ್ಣಿನ ಹೆಸರು, ಹೆಣ್ಣಿನ ದನಿ ಹಾಕಿಕೊಂಡು ವ್ಯಾಪಾರ ಮಾಡುತ್ತಿದ್ದಾನೆ ಎಂದು ಬರೆದವರಿದ್ದರು. 2017ರಲ್ಲಿ ಅವರು ತಮ್ಮ ಮುಖ ಮತ್ತು ಸ್ವಂತ ದನಿಯ ಜೊತೆ ಮುಂದೆ ಬಂದರು, ತಾವು ಟ್ರಾನ್ಸ್ ಮಹಿಳೆ ಎಂಬುದನ್ನು ಮುಚ್ಚಿಡಲಿಲ್ಲ. ಆ ಹಳೆಯ ಬರಹಗಳ ಕಾಲಡಿಯ ನೆಲವೇ ಸರಿಯಿತು. 2021ರ ಜನವರಿಯಲ್ಲಿ ಅಥೆನ್ಸಿನಲ್ಲಿ ಅವರು ತೀರಿಕೊಂಡ ಮೇಲೆ ಮತ್ತೊಮ್ಮೆ ಎಲ್ಲರೂ ಆ ಎಂಟು ಹಾಡುಗಳನ್ನು ಕೇಳಿದರು, ಬೇರೆ ತರ ಬರೆದರು. 'ಆಲ್ಬಂ ಇಂಥ ಸ್ವಾಗತ ಪಡೆಯಿತು' ಎಂದು ಒಂದು ಗೆರೆಯಲ್ಲಿ ಮುಗಿಸಿದರೆ ಇದೆಲ್ಲ ಎಲ್ಲಿ ಹಿಡಿಸುತ್ತದೆ?

ಹಾಗಾದರೆ ಕನ್ನಡದಲ್ಲಿ ಏನನ್ನಬೇಕು? ಹೊಸ ಪದವೇನೂ ಬೇಡ. ಪೆರ್ಲದಲ್ಲೋ ಬದಿಯಡ್ಕದಲ್ಲೋ ರಾತ್ರಿ ಯಕ್ಷಗಾನದ ಆಟ ನೋಡಿ ಬಂದವನನ್ನು ಬೆಳಿಗ್ಗೆ ಚಾ ಅಂಗಡಿಯಲ್ಲಿ ಯಾರೂ "ವಿಮರ್ಶಾತ್ಮಕ ಸ್ವಾಗತ ಹೇಗಿತ್ತು" ಎಂದು ಕೇಳುವುದಿಲ್ಲ. "ಆಟ ಹೇಗಾಯಿತು?" ಅಷ್ಟೇ. ಅವನೂ "ಭಾಗವತರು ರೈಸಿದರು, ಎರಡನೇ ವೇಷಕ್ಕೆ ಮಾತು ಸಾಲದು, ಒತ್ತಾಯಕ್ಕೆ ಕುಣಿದ ಹಾಗಿತ್ತು" ಎಂದು ಬಿಡಿಸಿ ಹೇಳುತ್ತಾನೆ. ಯಾರು, ಏನು, ಯಾಕೆ, ಮೂರೂ ಬಂತು. ಬರೆಯುವಾಗಲೂ ವಿಮರ್ಶಕರು ಏನೆಂದರು, ಹೇಗೆ ತೆಗೆದುಕೊಂಡರು ಎಂದು ಕ್ರಿಯಾಪದ ಹಾಕಿದರೆ 'ಆತ್ಮಕ' ತಾನಾಗಿ ಉದುರುತ್ತದೆ.

ಹುಡುಗನಿಗೆ ಹೀಗೆ ತಿದ್ದಿ ಕಳಿಸಿದೆ: "ಹೆಚ್ಚಿನ ವಿಮರ್ಶಕರು ಇದರ ಸದ್ದುಗಳನ್ನು ಮೆಚ್ಚಿದರು, ಅರ್ಧ ಹಾಡುಗಳು ಹಳೆಯವು ಎಂದು ಕೆಲವರು ಟೀಕಿಸಿದರು." ಹತ್ತು ನಿಮಿಷಕ್ಕೆ ಉತ್ತರ ಬಂತು. "ಆಯ್ತು ಮಾವ. ಆದ್ರೆ ಮೇಷ್ಟ್ರು ಈ ಪ್ಯಾರಾಕ್ಕೆ ತಲೆಬರಹ ಕೊಡ್ಲಿಕ್ಕೆ ಹೇಳಿದ್ದಾರೆ. 'ವಿಮರ್ಶಾತ್ಮಕ ನಿರೂಪಣೆ' ಅಂತ ಹಾಕ್ಲಾ?"